ಸಮುದಾಯ ಭವನಕ್ಕೆ ಅನುದಾನ: ಮೊದಲು ಜಾಗದ ಖಾತೆ ನೋಡಿ

ಪ್ರಶ್ನೆ: ನಮ್ಮದು ಪಟ್ಟಣ ಪಂಚಾಯಿತಿ ಇರುವ ಸಣ್ಣ ಊರು. ಮದುವೆ, ಸಭೆಗಳಿಗೆ ಒಂದು ಸಮುದಾಯ ಭವನ ಬೇಕು. ಅನುದಾನಕ್ಕೆ ಯಾರನ್ನು ಕೇಳಬೇಕು?

ಅದಕ್ಕೂ ಮೊದಲು, ಭವನ ಕಟ್ಟುವ ಜಾಗ ಯಾರ ಹೆಸರಲ್ಲಿದೆ ಅಂತ ನೋಡಿ. ಗುಡಿ ಪಕ್ಕದಲ್ಲಿ ಜಾಗ ಖಾಲಿ ಇದೆ, ಅಲ್ಲೇ ಕಟ್ಟೋಣ ಎಂದು ಊರವರು ಒಪ್ಪಿರುತ್ತಾರೆ. ಆದರೆ ಅದು ಗುಡಿಗೆ ಸೇರಿದ್ದಾದರೆ ಸಂಸದರ ನಿಧಿ ಸಿಗುವುದಿಲ್ಲ. ಧಾರ್ಮಿಕ ಸಂಸ್ಥೆಯ ಜಾಗದಲ್ಲಿ ಆ ಹಣ ಬಳಸುವಂತಿಲ್ಲ ಎಂದು ನಿಯಮವೇ ಇದೆ. ಪಟ್ಟಣ ಪಂಚಾಯಿತಿ ಹೆಸರಿನ ಜಾಗವಾದರೆ ಕೆಲಸ ಸಲೀಸು. ಖಾತೆ ನಕಲು ತೆಗೆದಿಟ್ಟುಕೊಳ್ಳಿ.

ಇನ್ನು ದುಡ್ಡಿನ ವಿಷಯ. ಸಂಸದರಿಗೆ ವರ್ಷಕ್ಕೆ 5 ಕೋಟಿ ರೂಪಾಯಿ ಇದೆ. ಕೇಳಲು ಜಾಸ್ತಿ ಅನಿಸುತ್ತದೆ, ಅಲ್ವಾ? ಆದರೆ ಕರ್ನಾಟಕದಲ್ಲಿ ಒಂದು ಲೋಕಸಭಾ ಕ್ಷೇತ್ರಕ್ಕೆ 8 ವಿಧಾನಸಭಾ ಕ್ಷೇತ್ರಗಳು. ಸಮನಾಗಿ ಹಂಚಿದರೆ ಒಂದಕ್ಕೆ 62.5 ಲಕ್ಷ. ಶಾಸಕರಿಗೆ ಒಂದೇ ಕ್ಷೇತ್ರಕ್ಕೆ ವರ್ಷಕ್ಕೆ 2 ಕೋಟಿ ಇರುತ್ತದೆ. ಹಾಗಾಗಿ ಮೊದಲು ಶಾಸಕರ ಹತ್ತಿರ ಹೋಗಿ. ವಿಧಾನ ಪರಿಷತ್ ಸದಸ್ಯರಿಗೂ ಅಷ್ಟೇ ನಿಧಿ ಇದೆ, ಅವರನ್ನು ಕೇಳಲು ಜನ ಮರೆಯುತ್ತಾರೆ. ರಾಜ್ಯದಿಂದ ಆಯ್ಕೆಯಾದ ರಾಜ್ಯಸಭಾ ಸದಸ್ಯರು ರಾಜ್ಯದ ಯಾವ ಊರಿಗೆ ಬೇಕಾದರೂ ಕೊಡಬಹುದು.

ನಿಮ್ಮದು ಪರಿಶಿಷ್ಟರು ಹೆಚ್ಚಿರುವ ಬಡಾವಣೆಯೇ? ಮನವಿಯಲ್ಲಿ ಅದನ್ನು ಖಂಡಿತ ಬರೆಯಿರಿ. ಸಂಸದರ ನಿಧಿಯಲ್ಲಿ ಶೇ 15ರಷ್ಟು ಪರಿಶಿಷ್ಟ ಜಾತಿಯವರ, ಶೇ 7.5ರಷ್ಟು ಪರಿಶಿಷ್ಟ ಪಂಗಡದವರ ಪ್ರದೇಶಗಳಿಗೆ ಹೋಗಬೇಕು. ಅದು ನಿಮ್ಮ ಪಾಲು, ಸಂಕೋಚವಿಲ್ಲದೆ ಕೇಳಿ. ಬೀದರ್‌ನಿಂದ ಬಳ್ಳಾರಿವರೆಗಿನ 7 ಜಿಲ್ಲೆಗಳವರಿಗೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯೂ ಇದೆ.

ಒಂದು ವಿಷಯ ಗೊತ್ತಿರಲಿ. ಸಂಸದರು, ಶಾಸಕರು ಮಾಡುವುದು ಶಿಫಾರಸು ಮಾತ್ರ. ಮಂಜೂರಾತಿ ಜಿಲ್ಲಾಡಳಿತದ್ದು. ಸುಮ್ನೆ ಒಂದು ಹಾಳೆಯ ಮನವಿ ಕೊಟ್ಟು ಬಂದರೆ ಅದು ಕಡತದಲ್ಲೇ ಉಳಿಯುತ್ತದೆ. ಎಂಜಿನಿಯರ್ ಹತ್ತಿರ ಅಂದಾಜು ಪಟ್ಟಿ ಮಾಡಿಸಿ, ಖಾತೆ ನಕಲಿನ ಜತೆ ಲಗತ್ತಿಸಿ.

ಕಟ್ಟಿದ ಮೇಲೆ ಭವನವನ್ನು ನೋಡಿಕೊಳ್ಳುವವರು ಯಾರು ಎಂಬುದನ್ನೂ ಈಗಲೇ ತೀರ್ಮಾನಿಸಿ. ಉದ್ಘಾಟನೆಯಾಗಿ ಬೀಗ ಬಿದ್ದ ಭವನಗಳನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಕರೆಂಟ್ ಬಿಲ್, ನೀರು, ಸುಣ್ಣಬಣ್ಣ, ಕಸ ಗುಡಿಸುವುದು ಎಲ್ಲಕ್ಕೂ ಪ್ರತಿ ವರ್ಷ ಖರ್ಚಿದೆ. ಸಂಸದರ ನಿಧಿಗಂತೂ ನಿರ್ವಹಣೆ ಯಾರದ್ದು ಎಂಬ ಒಪ್ಪಿಗೆಯನ್ನು ಮೊದಲೇ ಕೊಡಬೇಕು. ಪಟ್ಟಣ ಪಂಚಾಯಿತಿಯಲ್ಲಿ ಬಾಡಿಗೆ ದರವನ್ನೂ ಸೇರಿಸಿ ಠರಾವು ಮಾಡಿಸಿ. ಅದರ ಪ್ರತಿಯನ್ನೂ ಮನವಿ ಜತೆಗೇ ಕೊಡಿ.