ಮೌಖಿಕ ಇತಿಹಾಸದಲ್ಲಿ ಮಾತು ಕೊಡುವುದು: ಬೆಲ್‌ಫಾಸ್ಟ್ ಧ್ವನಿಮುದ್ರಣಗಳ ಪ್ರಕರಣ

ಸಂದರ್ಶಕರ ಹೊಣೆಯನ್ನು ಅರಿಯಲು ಅಮೆರಿಕದ ಬಾಸ್ಟನ್ ಕಾಲೇಜಿನ ಬೆಲ್‌ಫಾಸ್ಟ್ ಯೋಜನೆಗಿಂತ ಕಠಿಣ ಪಾಠ ನನಗೆ ಕಂಡಿಲ್ಲ. 2001ರಿಂದ 2006ರವರೆಗೆ, ಉತ್ತರ ಐರ್ಲೆಂಡಿನ ಸಂಘರ್ಷದಲ್ಲಿ ಬಂದೂಕು ಹಿಡಿದಿದ್ದ ಎರಡೂ ಪಾಳಯದವರ, ಅಂದರೆ ಬ್ರಿಟನ್ನಿನಲ್ಲೇ ಉಳಿಯಬೇಕೆಂದವರ ಮತ್ತು ಐರ್ಲೆಂಡಿನೊಂದಿಗೆ ಒಂದಾಗಬೇಕೆಂದವರ, ನೆನಪುಗಳನ್ನು ಇದರಲ್ಲಿ ದಾಖಲಿಸಲಾಯಿತು. ನಿರ್ದೇಶಕರು ಪತ್ರಕರ್ತ ಎಡ್ ಮೊಲೋನಿ. ಎರಡನೆಯ ಪಾಳಯದ ಸಶಸ್ತ್ರ ಸಂಘಟನೆಯಾದ ಐಆರ್‌ಎಯವರನ್ನು ಮಾತನಾಡಿಸಿದ ಆಂಥನಿ ಮೆಕಿಂಟೈರ್ ಸ್ವತಃ ಆ ಸಂಘಟನೆಯಲ್ಲಿದ್ದು ಜೈಲು ಕಂಡವರು. ಹೊರಗಿನವರ ಮುಂದೆ ತುಟಿ ಬಿಚ್ಚದವರು ಅವರೆದುರು ಬಾಯಿ ಬಿಟ್ಟರು.

ನೀವು ಬದುಕಿರುವವರೆಗೆ ನಿಮ್ಮ ಒಪ್ಪಿಗೆಯಿಲ್ಲದೆ ಇದು ಹೊರಬರುವುದಿಲ್ಲ ಎಂದು ಅವರಿಗೆ ಭರವಸೆ ಕೊಡಲಾಗಿತ್ತು. ಇಲ್ಲಿ ಒಂದು ಅಂಶವನ್ನು ಅಡಿಗೆರೆ ಎಳೆದು ಓದಿ. ಕಾಲೇಜು ಮೊಲೋನಿಯವರೊಂದಿಗೆ ಮಾಡಿಕೊಂಡ ಕರಾರಿನಲ್ಲಿ, ಅಮೆರಿಕದ ಕಾನೂನು ಅವಕಾಶ ಕೊಡುವ ಮಟ್ಟಿಗೆ ಮಾತ್ರ ಗೋಪ್ಯತೆ ಎಂಬ ಷರತ್ತಿತ್ತು. ಮಾತನಾಡಿದವರು ಸಹಿ ಹಾಕಿದ ಪತ್ರದಲ್ಲಿ ಆ ಷರತ್ತು ಇರಲಿಲ್ಲ! ಅಪಾಯ ಯಾರ ತಲೆಯ ಮೇಲಿತ್ತೋ ಅವರಿಗೇ ಅದು ತಿಳಿದಿರಲಿಲ್ಲ.

ಹೀಗೆ ಮಾತನಾಡಿದವರಲ್ಲಿ ಒಬ್ಬರು, 2008ರಲ್ಲಿ ತೀರಿಕೊಂಡ ಐಆರ್‌ಎಯ ಬ್ರೆಂಡನ್ ಹ್ಯೂಸ್. ಅವರ ಮಾತುಗಳು 2010ರಲ್ಲಿ ಪುಸ್ತಕವಾಗಿ ಬಂದವು. ಮರುವರ್ಷವೇ ಬ್ರಿಟನ್ನಿನ ಕೋರಿಕೆಯಂತೆ ಧ್ವನಿಮುದ್ರಣಗಳನ್ನು ಒಪ್ಪಿಸಬೇಕೆಂದು ಅಮೆರಿಕ ಸರ್ಕಾರ ಕಾಲೇಜಿಗೆ ಸಮನ್ಸ್ ಕೊಡಿಸಿತು. ತನಿಖೆಯಲ್ಲಿದ್ದದ್ದು ಜೀನ್ ಮೆಕ್‌ಕಾನ್ವಿಲ್ ಕೊಲೆ. ಹತ್ತು ಮಕ್ಕಳ ತಾಯಿಯಾದ ಆಕೆಯನ್ನು ಐಆರ್‌ಎ 1972ರಲ್ಲಿ ಅಪಹರಿಸಿ ಕೊಂದಿತ್ತು; ದೇಹ ಸಿಕ್ಕಿದ್ದು 2003ರಲ್ಲಿ. ಆ ಮಕ್ಕಳಿಗೆ ಸತ್ಯ ತಿಳಿಯುವ ಹಕ್ಕಿಲ್ಲವೇ? ಇದೆ. ಸಂದರ್ಶಕರ ಹೊಣೆ ಎದುರಿಗೆ ಕುಳಿತವರಿಗಷ್ಟೇ ಸೀಮಿತವಲ್ಲ, ಅವರ ಮಾತಿನಲ್ಲಿ ಬಂದುಹೋಗುವವರಿಗೂ ಸಲ್ಲುತ್ತದೆ ಎಂದೇ ನಾನು ನಂಬುತ್ತೇನೆ. ಆದ್ದರಿಂದಲೇ ಪೂರ್ಣ ಗೋಪ್ಯತೆಯ ವಚನವನ್ನು ಯಾರಿಗೂ ಕೊಡಬಾರದು.

ನಮ್ಮಲ್ಲೂ ಸ್ಥಿತಿ ಭಿನ್ನವಲ್ಲ. ವಕೀಲರು ಮತ್ತು ಕಕ್ಷಿದಾರರ ನಡುವಿನ ಮಾತಿಗೆ ಭಾರತದ ಸಾಕ್ಷ್ಯ ಕಾನೂನು ಕೊಡುವ ರಕ್ಷಣೆ ಸಂಶೋಧಕರಿಗಿಲ್ಲ. ಕೋಮುಗಲಭೆ, ಜಾತಿ ದೌರ್ಜನ್ಯ ಅಥವಾ ನಕ್ಸಲ್ ಚಳವಳಿಯ ಬಗ್ಗೆ ಕೇಳಲು ಹೊರಟವರು ಇದನ್ನು ಧ್ವನಿಮುದ್ರಣ ಆರಂಭಿಸುವ ಮೊದಲೇ, ಮಾತನಾಡಲಿರುವವರಿಗೆ ಅರ್ಥವಾಗುವ ಮಾತಿನಲ್ಲಿ ಹೇಳಬೇಕು. ಸಹಿ ಆಮೇಲಿನದು.

ಇನ್ನೊಂದು ತೊಡಕು ಆತ್ಮೀಯತೆಯದು. ಮೆಕ್‌ಕಾನ್ವಿಲ್ ಕೊಲೆಗೆ ಸಂಬಂಧಿಸಿ ಐಆರ್‌ಎಯ ಹಿರಿಯ ನಾಯಕರಾಗಿದ್ದ ಐವರ್ ಬೆಲ್ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ, 2019ರಲ್ಲಿ ಬೆಲ್‌ಫಾಸ್ಟ್ ನ್ಯಾಯಾಲಯ ಈ ಧ್ವನಿಮುದ್ರಣಗಳು ವಿಶ್ವಾಸಾರ್ಹವಲ್ಲವೆಂದು ತಳ್ಳಿಹಾಕಿತು, ಬೆಲ್ ಖುಲಾಸೆಯಾದರು. ಸುಳ್ಳು ಭರವಸೆಯ ಜೊತೆಗೆ ಸಂದರ್ಶಕರ ಪೂರ್ವಗ್ರಹವನ್ನೂ ನ್ಯಾಯಾಧೀಶರು ಎತ್ತಿ ಹೇಳಿದರು. ಬಾಯಿ ತೆರೆಸಿದ ಒಡನಾಟವೇ ಪ್ರಶ್ನೆಗಳನ್ನು ಒಂದು ಕಡೆಗೆ ವಾಲಿಸಬಲ್ಲದು. ಹಾಗಾಗಿ ಲಿಪ್ಯಂತರ ಮಾಡುವಾಗ ನಿಮ್ಮ ಪ್ರಶ್ನೆಗಳನ್ನು ಕತ್ತರಿಸಬೇಡಿ. ಯಾವ ಪ್ರಶ್ನೆಗೆ ಯಾವ ಉತ್ತರ ಬಂತು ಎಂಬುದು ಮುಂದೆ ಓದುವವರಿಗೆ ಕಾಣುವಂತಿರಲಿ.