ಬ್ರಾಮ್ಲಿ ಹೂ ಬಿಟ್ಟರೂ ಕಾಯಿ ಕಚ್ಚದೇಕೆ?

ಇಂಗ್ಲೆಂಡಿನಲ್ಲಿ ಹಿತ್ತಲಿರುವ ಮನೆ ಸಿಕ್ಕ ಕನ್ನಡಿಗರು ಹಳೆಯ ಸೇಬಿನ ತಳಿ ಯಾವುದು ನೆಡೋಣ ಎಂದು ಕೇಳಿದರೆ ಬ್ರಾಮ್ಲಿಯ ಮಾತು ಬಂದೇ ಬರುತ್ತದೆ. 1809ರಲ್ಲಿ ನಾಟಿಂಗ್‌ಹ್ಯಾಮ್‌ಶೈರಿನ ಸೌತ್‌ವೆಲ್‌ನಲ್ಲಿ ಮೇರಿ ಆ್ಯನ್ ಬ್ರೈಲ್ಸ್‌ಫರ್ಡ್ ಎಂಬ ಹುಡುಗಿ ಬಿತ್ತಿದ ಬೀಜ ಇದರ ಮೂಲ. ಹೆಸರು ಮಾತ್ರ ಮುಂದೆ ಆ ಮನೆ ಕೊಂಡ ಕಟುಕನದು. ಬೇಯಿಸಲೆಂದೇ ಇರುವ ಹುಳಿ ಹಣ್ಣು. ಗೊಜ್ಜಿಗೆ ಚೆನ್ನಾಗಿ ಒದಗುತ್ತದೆ.

ತೊಡಕಿರುವುದು ಪರಾಗದಲ್ಲಿ. ಸಾಮಾನ್ಯ ಸೇಬಿನಲ್ಲಿ 34 ವರ್ಣತಂತುಗಳಿದ್ದರೆ ಬ್ರಾಮ್ಲಿಯಲ್ಲಿ 51. ಅವು ಸಮನಾಗಿ ಹಂಚಿಕೆಯಾಗದೆ ಪರಾಗ ಬಹುಪಾಲು ಜಳ್ಳಾಗುತ್ತದೆ. ಪಕ್ಕದಲ್ಲಿ ಕಾಕ್ಸ್ ಎಂಬ ಇನ್ನೊಂದು ಸೇಬಿನ ತಳಿಯೊಂದನ್ನೇ ನೆಟ್ಟರೆ ಅದರ ಪರಾಗದಿಂದ ಬ್ರಾಮ್ಲಿ ಕಾಯಿ ಕಚ್ಚುತ್ತದೆ, ಬ್ರಾಮ್ಲಿಯ ಪರಾಗ ಒದಗದೆ ಕಾಕ್ಸ್ ಬರಿಗೈ. ಎರಡೂ ಫಲ ಕೊಡಬೇಕೆಂದರೆ ಅದೇ ಹೊತ್ತಿಗೆ ಹೂ ಬಿಡುವ ಜೇಮ್ಸ್ ಗ್ರೀವ್‌ನಂಥ ಮೂರನೆಯದು ಬೇಕು. ಮಳೆ ಹೆಚ್ಚಿರುವ ಕಡೆ ಕಾಕ್ಸ್‌ಗೆ ಕಜ್ಜಿ ರೋಗ, ಕಾಂಡದ ಹುಣ್ಣು ತಪ್ಪಿದ್ದಲ್ಲ. ಅಲ್ಲಿ ಅದನ್ನು ಬಿಡುವುದೇ ವಾಸಿ. ಬ್ರಾಮ್ಲಿಯೊಂದೇ ಸಾಕೆನ್ನುವವರು ‘ಗೋಲ್ಡನ್ ಹಾರ್ನೆಟ್’ ಎಂಬ ಕ್ರ್ಯಾಬ್ ಸೇಬು (ಪುಟ್ಟ ಹಣ್ಣಿನ ಸೇಬಿನ ಜಾತಿ) ನೆಟ್ಟರೂ ಆಯಿತು. ಜೊತೆಗಿಡ ಹದಿನೈದು ಮೀಟರಿನೊಳಗಿರಲಿ. ಪಕ್ಕದ ಮನೆಯವರ ಮರವೂ ಲೆಕ್ಕಕ್ಕೆ ಬರುತ್ತದೆ, ಕೊಳ್ಳುವ ಮುನ್ನ ಬೇಲಿಯಾಚೆ ಒಮ್ಮೆ ನೋಡಿ.

ಬ್ರಾಮ್ಲಿ ಹುಲುಸಾಗಿ ಬೆಳೆಯುವ ಜಾತಿ. ಸಣ್ಣ ಹಿತ್ತಲಿಗೆ ಮರವನ್ನು ಗಿಡ್ಡವಾಗಿಡುವ ಎಂ9 ಅಥವಾ ಎಂ26 ರೂಟ್‌ಸ್ಟಾಕ್ (ಕಸಿಗೆ ಬಳಸುವ ಬೇರುಗಿಡ) ಮೇಲೆ ಕಸಿ ಮಾಡಿದ್ದನ್ನೇ ಕೇಳಿ, ಊರುಗೋಲು ಕೊಡಿ. ನೆಡುವಾಗ ಕಸಿಗಂಟು ಮಣ್ಣಿನಿಂದ ಐದಾರು ಸೆಂಟಿಮೀಟರ್ ಮೇಲಿರಬೇಕು. ಹೂತರೆ ಮೇಲಿನ ಕೊಂಬೆಯೇ ಬೇರು ಬಿಟ್ಟು ಮರ ದೈತ್ಯವಾಗುತ್ತದೆ. ಎಲ್ಲ ಚಿಗುರಿನ ತುದಿಯನ್ನೂ ಕತ್ತರಿಸಬೇಡಿ. ಈ ತಳಿ ಸ್ವಲ್ಪಮಟ್ಟಿಗೆ ತುದಿಯಲ್ಲೂ ಮೊಗ್ಗು ಕಟ್ಟುತ್ತದೆ.

ಹೂವಿನ ಕಾಲದಲ್ಲಿ 12 ಡಿಗ್ರಿಗಿಂತ ಚಳಿಯಿದ್ದರೆ ಜೇನುಹುಳು ಹೊರಬರುವುದು ಕಡಿಮೆ. ಆಗ ಪರಾಗಸ್ಪರ್ಶವನ್ನು ಕೈಯಿಂದ ಮಾಡಬಹುದು. ಜೊತೆಮರದ, ಇನ್ನೇನು ಬಿರಿಯಲಿರುವ ಮೊಗ್ಗುಗಳಿಂದ ಪರಾಗಕೋಶ ಕಿತ್ತು ಕಾಗದದ ಮೇಲೆ ಮನೆಯೊಳಗೆ ಒಂದು ರಾತ್ರಿ ಒಣಗಿಸಿ. ಹಳದಿ ಪುಡಿ ಉದುರುತ್ತದೆ. ಅದನ್ನು ಮೆತ್ತನೆಯ ಬ್ರಶ್ಶಿನಿಂದ ಗೊಂಚಲಿನಲ್ಲಿ ಮೊದಲು ಅರಳುವ ನಡುಹೂವಿನ ಐದೂ ಶಲಾಕೆಗಳ (ಹೂವಿನ ನಡುವಿನ, ಪರಾಗ ಹಿಡಿಯುವ ಎಳೆಗಳ) ತುದಿಗೆ ಮುಟ್ಟಿಸಿ. ಒಂದೆರಡಕ್ಕೇ ತಾಗಿದರೆ ಕಾಯಿ ಸೊಟ್ಟಗಾಗುತ್ತದೆ. ಬ್ರಾಮ್ಲಿಯ ಪರಾಗವನ್ನೇ ತೆಗೆದು ಬಳಿದರೆ ಮಾತ್ರ ಶ್ರಮ ದಂಡ.

ಜೂನ್ ಸುಮಾರಿಗೆ ಉದುರಿದ ಮಿಡಿಯೊಂದನ್ನು ಅಡ್ಡಕ್ಕೆ ಕೊಯ್ಯಿರಿ. ಐದು ಕೋಣೆಗಳಲ್ಲಿ ಒಂದೆರಡೇ ಬೀಜವಿದ್ದರೆ ಪರಾಗದ ಕೊರತೆ. ಬೀಜ ತುಂಬಿದ್ದೂ ಉದುರಿದ್ದರೆ ಮರಕ್ಕೆ ಹೊರೆ ಹೆಚ್ಚಾಗಿದೆ, ಇಲ್ಲವೇ ನೀರು ಸಾಲದು.