ಸೀಬೆ ಬೀಜವಲ್ಲ, ಜೇಬಿನಲ್ಲಿದ್ದ ಮಾತ್ರೆ

ಮಂಡ್ಯ ಕಡೆಯ ರೈತರೊಬ್ಬರು ಮಗನ ಜೊತೆ ಮೈಸೂರಿನ ನಮ್ಮ ಕ್ಲಿನಿಕ್‌ಗೆ ಬಂದಿದ್ದರು. 58 ವರ್ಷ. ಎಡಗಡೆ ಕಿಬ್ಬೊಟ್ಟೆ ನೋವು, ಜ್ವರ ಬಂದು ವಾಸಿಯಾಗಿತ್ತು. ಸ್ಕ್ಯಾನ್ ರಿಪೋರ್ಟಿನಲ್ಲಿ ‘ಡೈವರ್ಟಿಕ್ಯುಲೈಟಿಸ್’ ಅಂತ ಬರೆದಿತ್ತು, ಅಂದರೆ ದೊಡ್ಡ ಕರುಳಿನ ಗೋಡೆಯಲ್ಲಿ ಮೂಡುವ ಪುಟ್ಟ ಚೀಲಗಳ ಊತ. ಕುಳಿತವರೇ ಕೇಳಿದರು: "ಸೀಬೆಕಾಯಿ ಬೀಜ ಸಿಕ್ಕಾಕ್ಕಂಡು ಹಿಂಗಾಯ್ತಾ ಸಾರ್? ಹಿತ್ತಲ ಮರದ್ದು, ದಿನಾ ತಿಂತಿದ್ದೆ."

ಈ ಪ್ರಶ್ನೆ ನನಗೆ ಹೊಸದಲ್ಲ. ದೊಡ್ಡ ಕರುಳಿನ ಗೋಡೆಯೊಳಗೆ ರಕ್ತನಾಳ ಹೊಕ್ಕುವ ಕಡೆ ಸ್ನಾಯು ಸ್ವಲ್ಪ ದುರ್ಬಲ. ಟೈರು ಸವೆದ ಕಡೆ ಟ್ಯೂಬು ಉಬ್ಬುತ್ತದಲ್ಲ, ಹಾಗೆ ಅಲ್ಲಿ ಒಳಪದರ ಪುಟ್ಟ ಚೀಲವಾಗಿ ಹೊರಕ್ಕೆ ಬರುತ್ತದೆ. ವಯಸ್ಸಾದಂತೆ ಇದು ಜಾಸ್ತಿ. ಬಹಳಷ್ಟು ಜನರಿಗೆ ಚೀಲ ಇದೆ ಅಂತಲೇ ಗೊತ್ತಾಗುವುದಿಲ್ಲ. ಕೆಲವರಿಗೆ ಮಾತ್ರ ಅದು ಊದಿಕೊಂಡು ನೋವು ಕೊಡುತ್ತದೆ, ಇಲ್ಲವೇ ರಕ್ತ ಸುರಿಸುತ್ತದೆ. ಏಷ್ಯಾದವರಲ್ಲಿ ಬಲಗಡೆಯೂ ಬರುವುದರಿಂದ ಅಪೆಂಡಿಕ್ಸ್ ಅಂತ ತಪ್ಪು ತಿಳಿಯುವುದುಂಟು.

ಬೀಜ ಈ ಚೀಲದಲ್ಲಿ ಸಿಕ್ಕಿಕೊಂಡು ಊತ ತರುತ್ತದೆ ಅನ್ನುವ ಭಯ ಒಂದು ಕಾಲದಲ್ಲಿ ನಾವು ಡಾಕ್ಟರುಗಳೇ ಹಬ್ಬಿಸಿದ್ದು. ಅಮೆರಿಕದಲ್ಲಿ 47,000ಕ್ಕೂ ಹೆಚ್ಚು ಗಂಡಸರನ್ನು 18 ವರ್ಷ ಗಮನಿಸಿದ ಅಧ್ಯಯನ 2008ರಲ್ಲಿ ಬಂತು. ಬಾದಾಮಿಯಂಥ ಬೀಜ, ಜೋಳದ ಪಾಪ್‌ಕಾರ್ನ್ ತಿಂದವರಿಗೆ ಈ ಕಾಯಿಲೆ ಹೆಚ್ಚಲಿಲ್ಲ, ಕಡಿಮೆಯೇ ಇತ್ತು. ಅದೇ ತಂಡ 2017ರಲ್ಲಿ ಹೇಳಿದ್ದು ಇನ್ನೂ ಮುಖ್ಯ. ದಿನಕ್ಕೆ 23 ಗ್ರಾಂ ನಾರು, 50 ಗ್ರಾಂ ಒಳಗೆ ಕೆಂಪು ಮಾಂಸ (ಕುರಿ, ಮೇಕೆಯಂಥದ್ದು), ವಾರಕ್ಕೆ ಎರಡು ಗಂಟೆ ಬೆವರಿಳಿಯುವ ಚಟುವಟಿಕೆ, ಮಿತಿಯಲ್ಲಿರುವ ತೂಕ, ಬೀಡಿ ಸಿಗರೇಟು ಮುಟ್ಟದಿರುವುದು. ಈ ಐದೂ ಇದ್ದರೆ ಸುಮಾರು ಅರ್ಧದಷ್ಟು ಪ್ರಕರಣ ತಪ್ಪಿಸಬಹುದು ಅಂತ ಅವರ ಅಂದಾಜು.

ನಾರಿನ ಲೆಕ್ಕ ನಮ್ಮ ಅಡುಗೆಮನೆಯಲ್ಲೇ ಇದೆ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು. ಪಾಲಿಶ್ ಅಕ್ಕಿಯಲ್ಲಿ ಮೂರು ಗ್ರಾಮೂ ಇಲ್ಲ. ಮುದ್ದೆ, ಬಸ್ಸಾರು, ಸೊಪ್ಪಿನ ಪಲ್ಯ ಉಂಡ ಮನೆಗಳಲ್ಲಿ ಈಗ ಮೂರು ಹೊತ್ತೂ ಅನ್ನ, ಇಡ್ಲಿ, ಬೇಕರಿ ತಿಂಡಿ. ಇದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಬನ್ನೂರು ಕುರಿಯ ಬಾಡೂಟ ಬಿಡಿ ಅಂತ ನಾನು ಹೇಳುವುದಿಲ್ಲ. ಹಬ್ಬಕ್ಕೆ ಉಣ್ಣಿ, ವಾರವೆಲ್ಲಾ ಬೇಡ. ನಾರನ್ನು ಒಮ್ಮೆಲೇ ಏರಿಸಿದರೆ ಹೊಟ್ಟೆ ಉಬ್ಬರಿಸುತ್ತದೆ, ಹಾಗಾಗಿ ಸ್ವಲ್ಪ ಸ್ವಲ್ಪವಾಗಿ, ನೀರು ಜಾಸ್ತಿ ಕುಡಿದು. ನೋವು ಜ್ವರ ಇರುವಾಗ ಮಾತ್ರ ಗಂಜಿಯೇ ಸರಿ.

ಬೇರೇನಾದರೂ ಮಾತ್ರೆ ತಗೊಳ್ತೀರಾ ಅಂದೆ. "ಇಲ್ಲ" ಅಂದರು. ಮಗ ಅಪ್ಪನ ಅಂಗಿ ಜೇಬಿಗೆ ಕೈ ಹಾಕಿ ಸ್ಟ್ರಿಪ್ ತೆಗೆದ. ಡೈಕ್ಲೋಫೆನಾಕ್. ಹತ್ತರಲ್ಲಿ ಮೂರು ಉಳಿದಿತ್ತು. ಮಂಡಿನೋವಿಗೆ ಎರಡು ವರ್ಷದಿಂದ ಚೀಟಿಯಿಲ್ಲದೆ ಕೊಂಡು ನುಂಗುತ್ತಿದ್ದರಂತೆ. ಡೈಕ್ಲೋಫೆನಾಕ್, ಐಬುಪ್ರೊಫೇನ್ ಥರದ ನೋವಿನ ಮಾತ್ರೆಗಳು ಕರುಳಿನ ಒಳಪದರ ಕಾಯುವ ಶಕ್ತಿಯನ್ನು ಕುಂದಿಸುತ್ತವೆ. ಚೀಲ ಊದುವುದು, ರಕ್ತ ಹೋಗುವುದು ಎರಡೂ ಹೆಚ್ಚುತ್ತವೆ. ಸುಮ್ನೆ ಮಾತ್ರೆ ಅಲ್ವಾ ಅಂದುಕೊಂಡು ಜನ ಅದನ್ನು ನಮಗೆ ಹೇಳುವುದೇ ಇಲ್ಲ. ದಯವಿಟ್ಟು ಹೇಳಿ. ಹೃದಯಕ್ಕೆಂದು ಡಾಕ್ಟರು ಬರೆದ ಆಸ್ಪಿರಿನ್ ಮಾತ್ರ ನೀವಾಗೇ ನಿಲ್ಲಿಸಬೇಡಿ, ಕೇಳಿ ನಿರ್ಧರಿಸಿ. ಮಲದಲ್ಲಿ ರಕ್ತ ಕಂಡರೆ, ನೋವಿನ ಜೊತೆ ಜ್ವರ ಬಂದರೆ, ಅವತ್ತೇ ಆಸ್ಪತ್ರೆಗೆ ಬನ್ನಿ.

ಅವರ ಮಂಡಿಗೆ ಬೇರೆ ದಾರಿ ಹುಡುಕಿದೆವು. ಹೊರಡುವಾಗ ಬಾಗಿಲಲ್ಲಿ ನಿಂತು, "ಹಂಗಾದ್ರೆ ಸೀಬೆಕಾಯಿ?" ಅಂದರು. ತಿನ್ನಿ ಅಂದೆ.